ಮೊದಲು ಏಳುವವರು

ಬೆಳಿಗ್ಗೆ ಚಹಾ ಲೋಟ ಕೈಯಲ್ಲಿರುವಾಗಲೇ ಫೋನು ಬಡಿದುಕೊಂಡರೆ ಅದು ಭಾಲ್ಕಿಯ ಆಪಾ ಎಂದು ನೋಡದೆಯೇ ಗೊತ್ತಾಗುತ್ತಿತ್ತು. ಅವರು ಅಲ್ಲಿನ ಲ್ಯಾಬಿನ ಶಟರ್ ಎತ್ತಿ, ಕಸ ಗುಡಿಸಿ, ಕಂಪ್ಯೂಟರ್ ಹಚ್ಚಿ, ನನ್ನ ಪ್ರೋಗ್ರಾಂ ಹಿಂದಿನ ದಿನವೆಲ್ಲ ಬರೆದಿಟ್ಟ ಸಾಲುಗಳನ್ನು ನನಗೆ ಓದಿ ಹೇಳುತ್ತಿದ್ದರು. ಮೊದಲು ಚಹಾ, ನಾಷ್ಟಾದ ವಿಚಾರಣೆ, ಆಮೇಲೆ ಓದು. "ಆರಾಮ. ಮಷೀನ್ ಮಾತಾಡ್ಲತ್ತದ್ರಿ. ಆರಾಮ. ನಿನ್ನಿ ವರದಿ ಎಲ್ಲಾ ಬೀದರಕ ಮುಟ್ಟ್ಯಾವ್ರಿ." ಸಾಲಿನ ಕೊನೆಯ ಆ 'ರಿ' ಅವರು ಸೇರಿಸಿದ್ದಲ್ಲ, ನಾನೇ ಪ್ರೋಗ್ರಾಂನಲ್ಲಿ ಬರೆದದ್ದು. ಯಂತ್ರವಾದರೇನು, ದೊಡ್ಡವರ ಜೊತೆ ಮಾತಾಡುವಾಗ ಮರ್ಯಾದೆ ಬೇಡವೇ?

ದೊಡ್ಡವರು ಯಾರು ಎಂಬುದು ಮಾತ್ರ ನಮ್ಮಿಬ್ಬರಲ್ಲಿ ತೀರ್ಮಾನವಾಗಿರಲಿಲ್ಲ. ನಾನು ಅವರನ್ನು ಆಪಾ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಎರಡರ ಅರ್ಥವೂ ಒಂದೇ, ಒಂದು ಅವರ ಮನೆಯ ದಖನಿ ಉರ್ದು, ಇನ್ನೊಂದು ನಮ್ಮ ಮನೆಯ ಕನ್ನಡ. ಇಬ್ಬರ ಕೂದಲೂ ನೆರೆತಿತ್ತು, ಇಬ್ಬರ ಮೊಣಕಾಲೂ ನೋಯುತ್ತಿತ್ತು. ವಯಸ್ಸು ಕೇಳುವ ರೂಢಿ ನಮ್ಮ ಕಡೆಯ ಹೆಂಗಸರಲ್ಲಿ ಇಲ್ಲ. ಹೀಗಾಗಿ ಇಬ್ಬರೂ ಒಬ್ಬರಿಗೊಬ್ಬರು ಹಿರಿಯರಾಗಿಯೇ ವರ್ಷಗಳು ಕಳೆದವು.

ನಾನಿದ್ದದ್ದು ಬೀದರಿನ ಹಳೆಯ ಊರಿನೊಳಗೆ, ಒಂದು ಖಾಸಗಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ. ಮಾಲೀಕರು ಒಬ್ಬ ಡಾಕ್ಟರು. ಭಾಲ್ಕಿಯಲ್ಲೊಂದು, ಔರಾದಿನಲ್ಲೊಂದು ಶಾಖೆ ತೆರೆದಿದ್ದರು. ಸಣ್ಣ ತಪಾಸಣೆಗಳು ಅಲ್ಲೇ ಆಗುತ್ತಿದ್ದವು, ದೊಡ್ಡವಕ್ಕೆ ರಕ್ತದ ಶೀಶೆಗಳು ಐಸಿನ ಡಬ್ಬಿಯಲ್ಲಿ ಕುಳಿತು ಬಸ್ಸಿನಲ್ಲಿ ಬೀದರಿಗೆ ಬರುತ್ತಿದ್ದವು. ನಾನು ಸೇರಿದ್ದು ವರದಿ ಟೈಪು ಮಾಡಲು, ಅಷ್ಟೇ. ತಪಾಸಣೆಯ ಯಂತ್ರದಿಂದ ಅಂಕಿಗಳನ್ನು ಎತ್ತಿಕೊಂಡು ವರದಿ ಮಾಡಿಕೊಡುವ ಪ್ರೋಗ್ರಾಂ ಒಂದನ್ನು ಹೈದರಾಬಾದಿನಿಂದ ಬಂದವರೊಬ್ಬರು ಪರ್ಲ್ ಎಂಬ ಭಾಷೆಯಲ್ಲಿ ಬರೆದುಕೊಟ್ಟು ಹೋದರು, ಹೋದವರು ಫೋನು ಎತ್ತುವುದನ್ನೇ ಬಿಟ್ಟರು. ಅದು ಕೆಟ್ಟು ನಿಂತ ದಿನ ಅದರ ಹೊಟ್ಟೆ ಬಿಚ್ಚಿ ನೋಡುವ ಧೈರ್ಯ ಮಾಡಿದವಳು ನಾನೊಬ್ಬಳೇ. ಧೈರ್ಯ ಎಂದೆ, ನಿಜ ಹೇಳಬೇಕೆಂದರೆ ಹೊರಗೆ ರೋಗಿಗಳು ಕೂಗಾಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ಅಂದು ಬಿಚ್ಚಿದ್ದನ್ನು ಮುಚ್ಚಲು ಆಮೇಲೆ ಆಗಲೇ ಇಲ್ಲ. ಪರ್ಲ್ ಎಂದರೆ ಈಗಿನ ಹುಡುಗರು ಸತ್ತವರ ಹೆಸರು ಕೇಳಿದ ಹಾಗೆ ಮುಖ ಮಾಡುತ್ತಾರೆ. ನನ್ನ ಅನ್ನ ಹುಟ್ಟಿದ್ದು ಅದರಲ್ಲೇ, ಕಣ್ಣು ಮಂಜಾದದ್ದೂ ಅದರಲ್ಲೇ.

ಆ ಪ್ರೋಗ್ರಾಂ ತಲೆ ಬುಡವಿಲ್ಲದೆ ಉದ್ದಕ್ಕೆ ಬೆಳೆದಿತ್ತು. ಅದನ್ನು ತುಂಡು ತುಂಡಾಗಿ ಬೇರ್ಪಡಿಸಿ, ಪದೇ ಪದೇ ಬೇಕಾಗುವ ಕೆಲಸಗಳಿಗೆ ಎರಡು ಸಣ್ಣ ಮಾಡ್ಯೂಲ್ ಬರೆದೆ. ಮಾಡ್ಯೂಲ್ ಎಂದರೆ ಬೇರೆ ಪ್ರೋಗ್ರಾಂಗಳು ಕರೆದಾಗ ಬಂದು ಕೈಜೋಡಿಸುವ ಸಹಾಯಕ. ಒಂದಕ್ಕೆ ಖಾಂದಾನ್, ಅಂದರೆ ಮನೆತನ ಎಂದು ಹೆಸರಿಟ್ಟೆ, ಇನ್ನೊಂದಕ್ಕೆ ಖಬರ್, ಅಂದರೆ ಸುದ್ದಿ. ನಮ್ಮ ಓಣಿಯಲ್ಲಿ ದಿನವೂ ಕಿವಿಗೆ ಬೀಳುವ ಮಾತುಗಳು, ಮರೆಯುವ ಭಯವಿಲ್ಲ.

ಖಾಂದಾನ್ ಹುಟ್ಟಿದ್ದು ಬೇಸರಕ್ಕೆ. ಪರ್ಲ್‌ನಲ್ಲಿ ವಸ್ತುಗಳನ್ನು, ಅಂದರೆ ಆಬ್ಜೆಕ್ಟ್‌ಗಳನ್ನು ಮಾಡುವ ರೀತಿ ವಿಚಿತ್ರ. ಒಂದು ಖಾಲಿ ಡಬ್ಬಿ ತೆಗೆದುಕೊಂಡು, ನೀನು ಇಂಥ ಮನೆತನದವನು ಎಂದು ಅದಕ್ಕೆ ಆಶೀರ್ವಾದ ಮಾಡಬೇಕು. ತಮಾಷೆಯಲ್ಲ, ಆ ಆಜ್ಞೆಯ ಹೆಸರೇ ಬ್ಲೆಸ್. ಆಶೀರ್ವಾದ ಬಿದ್ದ ಮೇಲೆ ಡಬ್ಬಿಗೆ ತಾನು ರಕ್ತದ ನಮೂನೆಯೋ, ಯಂತ್ರವೋ, ಭಾಲ್ಕಿಯ ಶಾಖೆಯೋ ಎಂಬುದು ತಿಳಿಯುತ್ತದೆ, ಮನೆತನದ ಗುಣಗಳೆಲ್ಲ ಬರುತ್ತವೆ. ಪ್ರತಿ ಸಲ ಈ ಶಾಸ್ತ್ರ ಬರೆದು ಬರೆದು ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಇಟ್ಟೆ. ಇಂಥ ಸಹಾಯಕಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ ಎಂದು ಆಮೇಲೆ ಗೊತ್ತಾಯಿತು. ಇಳಿಸಿಕೊಳ್ಳಲು ಹೋದರೆ ಒಂದು ಇನ್ನೊಂದನ್ನು ಬೇಡುತ್ತಿತ್ತು, ಅದು ಮತ್ತೊಂದನ್ನು, ಅಷ್ಟರಲ್ಲಿ ನಮ್ಮ ನೆಟ್ಟು ನಡುನೀರಿನಲ್ಲಿ ಕೈಬಿಡುತ್ತಿತ್ತು. ನನ್ನದೇ ಸಾಕು ಎಂದು ಸುಮ್ಮನಾದೆ.

ಖಬರ್ ಹುಟ್ಟಿದ್ದು ಆಪಾರಿಗಾಗಿ. ಪ್ರೋಗ್ರಾಂ ತಾನು ಏನು ಮಾಡುತ್ತಿದ್ದೇನೆಂದು ಸಾಲು ಸಾಲಾಗಿ ಬರೆದಿಡುವುದಕ್ಕೆ ಲಾಗ್ ಎನ್ನುತ್ತಾರೆ. ಆ ಸಾಲುಗಳಿಗೆ ದರ್ಜೆಗಳಿರುತ್ತವೆ. ಎಲ್ಲ ಸರಿ ಎನ್ನುವುದೊಂದು, ಎಚ್ಚರ ಎನ್ನುವುದೊಂದು, ತಪ್ಪಾಗಿದೆ ಎನ್ನುವುದೊಂದು, ಇನ್ನು ನನ್ನಿಂದಾಗದು ಎಂದು ಕೈಚೆಲ್ಲುವುದು ಕೊನೆಯದು. ಎಲ್ಲವೂ ಇಂಗ್ಲಿಷ್. ಆಪಾ ಓದಿದ್ದು ಭಾಲ್ಕಿಯ ಕನ್ನಡ ಶಾಲೆಯಲ್ಲಿ. ಆಗ ಆ ಕಂಪ್ಯೂಟರಿನೊಳಗೆ ಏನಿದೆಯೆಂದು ಬೀದರಿನಿಂದ ನೋಡುವ ಅನುಕೂಲ ಇರಲಿಲ್ಲ, ಅವರು ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಬೇಸತ್ತು ಅವರು ಒಮ್ಮೊಮ್ಮೆ ಫೋನನ್ನೇ ಪರದೆಯ ಎದುರು ಹಿಡಿಯುತ್ತಿದ್ದರು. ಬಟನ್ ಒತ್ತುವ ಹಳೆಯ ಫೋನು, ನನಗೇನು ಕಾಣಬೇಕು, ಫ್ಯಾನಿನ ಗರಗರ ಸದ್ದು ಮಾತ್ರ ಕೇಳುತ್ತಿತ್ತು.

ಕೊನೆಗೆ ಖಬರ್ ಕನ್ನಡದಲ್ಲೇ ಮಾತಾಡಲಿ, ಅದೂ ನಮ್ಮ ಬಾಯಿಯ ಕನ್ನಡದಲ್ಲಿ ಎಂದು ನಿಶ್ಚಯಿಸಿದೆ. ಮಾತುಗಳನ್ನು ಫೋನಿನಲ್ಲಿ ಇಬ್ಬರೂ ಸೇರಿಯೇ ಆರಿಸಿದೆವು. ಎಲ್ಲ ಸರಿಯಿದ್ದರೆ 'ಆರಾಮ'. ಎಚ್ಚರಕ್ಕೆ 'ಜರಾ ನೋಡ್ರಿ'. ತಪ್ಪಾದರೆ 'ತಕರಾರ'. ಕೊನೆಯ ದರ್ಜೆಗೆ ನಾನು ನಿಘಂಟು ನೋಡಿ 'ಮಾರಣಾಂತಿಕ' ಎಂದು ಹಾಕಿದ್ದೆ, ನನ್ನ ಪಾಂಡಿತ್ಯ ತೋರಿಸಲು. ಆಪಾ ಒಪ್ಪಲಿಲ್ಲ.

"ಇಲ್ಲಿ ಬೀಮಾರ ಮಂದಿ ಕುಂತಿರ್ತಾರ್ರಿ ಅಕ್ಕಾ. ಅವರ ಮುಂದ ಈ ಮಾತು ಹ್ಯಾಂಗ ಓದ್ಲಿ?"

ಅವರು ಹೇಳಿದ್ದು ಸರಿ. ಅದನ್ನು ಅಳಿಸಿ 'ಅಕ್ಕಾಗ ಫೋನ್ ಮಾಡ್ರಿ' ಎಂದು ಬರೆದೆ. ಅತಿ ದೊಡ್ಡ ಅನಾಹುತಕ್ಕೆ ಇಂಥ ಹೆಸರಿಟ್ಟವರು ಬೇರೆ ಎಲ್ಲೂ ಇರಲಿಕ್ಕಿಲ್ಲ.

ಕೆಲವು ವರ್ಷಗಳಾದ ಮೇಲೆ ನೆಟ್ಟು ಸುಧಾರಿಸಿತು. ಭಾಲ್ಕಿಯ ಸಾಲುಗಳೆಲ್ಲ ಬೀದರಿನ ನನ್ನ ಮೇಜಿನ ಮೇಲೇ ಕಾಣತೊಡಗಿದವು. ಆಪಾ ಫೋನು ಮಾಡುವ ಹೊತ್ತಿಗೆ ನಾನು ಎಲ್ಲವನ್ನೂ ಓದಿ ಮುಗಿಸಿರುತ್ತಿದ್ದೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನೀವು ಓದುವುದು ನನಗೆ ಬೇಕಿಲ್ಲ ಎಂದು ದಿನಾ ಓದಿ ಹೇಳುವವರಿಗೆ ಹೇಗೆ ಹೇಳುವುದು? ಹೂಂ, ಹೂಂ ಎನ್ನುತ್ತ ಚಹಾ ಮುಗಿಸುತ್ತಿದ್ದೆ.

ಒಂದು ವರ್ಷ ಬೀದರಿನ ಹೊರಗಿನ ಕೊಳಾರದ ಕಾರ್ಖಾನೆಗಳ ಕೆಲಸಗಾರರ ತಪಾಸಣೆಯೆಲ್ಲ ನಮ್ಮ ಲ್ಯಾಬಿಗೆ ಬಂತು. ಬೀದರಿನ ಯಂತ್ರಕ್ಕೆ ಉಸಿರು ಬಿಡಲು ಪುರುಸೊತ್ತಿಲ್ಲದೆ ಅರ್ಧ ಶೀಶೆಗಳು ಭಾಲ್ಕಿಗೆ ಹೋದವು. ಆಗ ಶುರುವಾಯಿತು ಒಂದು ಪೀಡೆ. ಬೆಳಿಗ್ಗೆ ಚೆನ್ನಾಗಿ ಓಡುವ ಭಾಲ್ಕಿಯ ಕಂಪ್ಯೂಟರ್ ಮಧ್ಯಾಹ್ನವಾಗುತ್ತಲೇ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಪಾ ಆರಿಸಿ ಹಚ್ಚಿದರೆ ಮತ್ತೆ ಚುರುಕು, ಮರುದಿನ ಮಧ್ಯಾಹ್ನ ಮತ್ತೆ ಅದೇ ಗೋಳು. ಎಷ್ಟೋ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು.

ಪರ್ಲ್ ಪ್ರತಿಯೊಂದು ವಸ್ತುವನ್ನೂ ಎಷ್ಟು ಕೈಗಳು ಹಿಡಿದುಕೊಂಡಿವೆ ಎಂದು ಎಣಿಸುತ್ತಿರುತ್ತದೆ. ಯಾರೂ ಹಿಡಿದಿಲ್ಲ ಎಂದಾದರೆ ಅದನ್ನು ತಾನೇ ಬೀಳ್ಕೊಟ್ಟು ಜಾಗ ಖಾಲಿ ಮಾಡುತ್ತದೆ. ನಾನು ಮಾಡಿದ್ದೇನೆಂದರೆ, ಪ್ರತಿ ರಕ್ತದ ನಮೂನೆಯ ವಸ್ತುವೂ ತನ್ನ ಸುದ್ದಿ ಹೇಳಲೆಂದು ಒಂದು ಖಬರನ್ನು ಹಿಡಿದುಕೊಂಡಿತ್ತು. ಆ ಖಬರು ತಾನು ಯಾರ ಸುದ್ದಿ ಹೇಳುತ್ತಿದ್ದೇನೆಂದು ತಿಳಿಯಲು ಆ ನಮೂನೆಯನ್ನೇ ಹಿಡಿದುಕೊಂಡಿತ್ತು. ತಪಾಸಣೆ ಮುಗಿದು, ವರದಿ ಹೋಗಿ, ರೋಗಿ ಮನೆ ಸೇರಿ, ಹೊರಗಿನವರ್ಯಾರೂ ಅವನ್ನು ಕೇಳದಿದ್ದರೂ ಅವೆರಡೂ ಒಂದನ್ನೊಂದು ಬಿಡುತ್ತಿರಲಿಲ್ಲ. ಅಂಥ ಜೋಡಿಗಳೇ ತುಂಬಿಕೊಂಡು ಕಂಪ್ಯೂಟರಿಗೆ ಜಾಗವೇ ಉಳಿಯುತ್ತಿರಲಿಲ್ಲ. ಮದ್ದು ಸಣ್ಣದು. ಎರಡರಲ್ಲಿ ಒಂದರ ಕೈ ಸಡಿಲ ಮಾಡಬೇಕು, ಹಿಡಿದಿರಲಿ, ಆದರೆ ಹಿಡಿದ ಲೆಕ್ಕಕ್ಕೆ ಬರದಿರಲಿ ಎಂದು ಒಂದು ಸಾಲಿನಲ್ಲಿ ಹೇಳಬೇಕು. ಅಷ್ಟು ಬರೆದೆ, ಮಧ್ಯಾಹ್ನದ ಗೋಳು ಅಂದೇ ನಿಂತಿತು.

ಏನಾಗಿತ್ತೆಂದು ಆಪಾರಿಗೆ ತಿಳಿಸಿ ಹೇಳಲು ಪಂಕ್ತಿ ಊಟದ ಮಾತು ತೆಗೆದೆ. ನಮ್ಮ ಮನೆಗಳಲ್ಲಿ ಉಂಡಾಯಿತೆಂದು ಪಂಕ್ತಿಯಿಂದ ಎದ್ದುಬಿಡುವಂತಿಲ್ಲ. ಪಕ್ಕದವರು ಉಣ್ಣುತ್ತಿರುವಾಗ ಎದ್ದರೆ ಅವರು ಸಂಕೋಚದಿಂದ ಅರ್ಧ ಹೊಟ್ಟೆಗೆ ಏಳುತ್ತಾರೆ. ಹಿರಿಯರು ಮೊದಲು ಏಳಬೇಕು, ಉಳಿದವರು ಆಮೇಲೆ. ಇಬ್ಬರು ಕುಳಿತು, ಅವರೇ ಹಿರಿಯರು, ಅವರೇ ಏಳಲಿ ಎಂದು ಇಬ್ಬರೂ ಕಾದರೆ ಕೈ ಒಣಗಿ ಹೋಗುತ್ತದೆ, ನಿಮ್ಮ ಕಂಪ್ಯೂಟರಿನಲ್ಲೂ ಹಾಗೇ ಆಗಿತ್ತು ಎಂದೆ. ಊಟಕ್ಕೆ ಹಾಸುವ ನಮ್ಮ ದಸ್ತರ್‌ಖಾನಿನ ಸುತ್ತಲೂ ಅದೇ ರಿವಾಜು ಎಂದರು ಆಪಾ. ಯಾರ ಕೈ ಸಡಿಲ ಮಾಡಿದಿರಿ ಎಂದು ಕೇಳಿದರು. ಖಬರ್‌ದು ಎಂದೆ. ಪಾಪ ಎಂದರು. ನನ್ನ ಮಾಡ್ಯೂಲಿಗಾಗಿ ಮರುಗಿದವರು ಅವರೊಬ್ಬರೇ.

ಈಚೆಗೆ ಡಾಕ್ಟರು ಸಿದ್ಧವಾದ ಹೊಸ ಸಾಫ್ಟ್‌ವೇರ್ ಒಂದನ್ನು ತಂದರು. ಎಲ್ಲವೂ ಇಂಟರ್‌ನೆಟ್ಟಿನ ಮೇಲೆ, ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲು ಬೀದರು ಬದಲಾಯಿತು, ಆಮೇಲೆ ಔರಾದು. ನನ್ನ ಹಳೆಯ ಪ್ರೋಗ್ರಾಂ ತೆಗೆಯಲು ನಾನೇ ಔರಾದಿಗೆ ಹೋಗಿದ್ದೆ. ಅಲ್ಲಿನ ಶಾಖೆ ನೋಡಿಕೊಳ್ಳುವವರು ಡಾಬಕಾದ ಕಡೆಯ ಗೃಹಸ್ಥರು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಇಂಗ್ಲಿಷ್ ಓದುವುದೆಂದರೆ ಅವರಿಗೆ ನೀರು ಕುಡಿದ ಹಾಗೆ. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರ ಬೆರಳು ಹೊಸದರ ಮೇಲೆ ಓಡಾಡುತ್ತಿತ್ತು. ಹೊರಡುವಾಗ ಮರಾಠಿ ರೂಢಿಯಂತೆ ನನ್ನನ್ನು ಬಾಯಿ ಎಂದು ಕರೆದು, ಇನ್ನು ನೀವು ಆರಾಮ ಮಾಡ್ರಿ ಎಂದು ಅಕ್ಕರೆಯಿಂದಲೇ ಹೇಳಿದರು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತವಳಿಗೆ ಬೇಸರವಾಗಬೇಕಿತ್ತು. ಆಗಲಿಲ್ಲ. ಬೀದರು ಬರುವವರೆಗೆ ಸುಖವಾಗಿ ನಿದ್ದೆ ಮಾಡಿದೆ.

ನನಗೆ ಸಾಕಾಗಿತ್ತು, ಅದನ್ನು ಸುತ್ತಿ ಬಳಸಿ ಹೇಳುವುದೇಕೆ? ಪರದೆ ನೋಡುವುದು ಕಡಿಮೆ ಮಾಡಿ ಎಂದು ಕಣ್ಣಿನ ವೈದ್ಯರು ಹೇಳಿಯಾಗಿತ್ತು. ಸಂಜೆಯಾದರೆ ಅಕ್ಷರಗಳಿಗೆಲ್ಲ ಬಾಲ ಬರುತ್ತಿತ್ತು. ಬೆನ್ನು ಕುರ್ಚಿಯ ಆಕಾರಕ್ಕೆ ಬಾಗಿತ್ತು. ಬಗದಲ್‌ನಲ್ಲಿ ತಂಗಿಯ ಮನೆ ಇದೆ, ಬಂದು ನಮ್ಮ ಜೊತೆ ಇರು ಎಂದು ಅವಳು ಕರೆಯುತ್ತಲೇ ಇದ್ದಳು. ಮಧ್ಯಾಹ್ನ ಉಂಡು ಹೊರಸಿನ ಮೇಲೆ ಮಲಗಬೇಕು, ಯಾವ ಯಂತ್ರದ ಸುದ್ದಿಯೂ ಬೇಡ, ನನ್ನ ಆಸೆ ಅಷ್ಟೇ ಇತ್ತು. ಭಾಲ್ಕಿಯೊಂದು ಬದಲಾದರೆ ನಾನು ಬಿಡುಗಡೆಯಾದ ಹಾಗೆ ಎಂದು ದಿನ ಕಾಯುತ್ತಿದ್ದೆ.

ಆಗ ಡಾಕ್ಟರು ಕರೆದು, ಭಾಲ್ಕಿಯಲ್ಲಿ ಹೊಸದನ್ನು ಹಾಕಿದರೆ ಇಂಗ್ಲಿಷ್ ಓದುವ ಹುಡುಗಿಯನ್ನು ನೋಡಬೇಕಾಗುತ್ತದೆ ಎಂದರು. ಆಪಾರ ಹೆಸರನ್ನು ಅವರು ಎತ್ತಲಿಲ್ಲ. ಎತ್ತುವುದೇನಿತ್ತು, ಅಲ್ಲಿರುವುದು ಒಂದೇ ಕುರ್ಚಿ. ನನ್ನ ಬಾಯಿಂದ ನನಗೇ ತಿಳಿಯದಂತೆ ಮಾತು ಹೊರಬಿತ್ತು. ಭಾಲ್ಕಿಯಲ್ಲಿ ಹಳೆಯದೇ ಇರಲಿ, ಹೊಸದರ ಜೊತೆ ಅದು ಮಾತಾಡುವಂತೆ ನಡುವೆ ಒಂದು ಸೇತುವೆ ಬರೆದುಕೊಡುತ್ತೇನೆ ಎಂದೆ. ಡಾಕ್ಟರಿಗೆ ಯಾವುದಾದರೂ ಸರಿ, ಜಗಳ ಬೇಡ ಎನ್ನುವ ಸ್ವಭಾವ.

"ಹಂಗ ಆಗ್ಲಿ ಬಿಡ್ರಿ. ನಿಮ್ಮ ಪ್ರೋಗ್ರಾಂ ಇರೋತನಕ ಆಪಾನೂ ಇರ್ಲಿ."

ಆ ಮಾತು ನನ್ನ ಕಾಲಿಗೆ ಕಟ್ಟಿದ ಕಲ್ಲಾಯಿತು. ಪ್ರೋಗ್ರಾಂ ಇರಬೇಕೆಂದರೆ ನಾನಿರಬೇಕು. ನಾನು ಬಗದಲ್‌ಗೆ ಹೋದ ದಿನ ಆಪಾರ ಕುರ್ಚಿಯೂ ಹೋಗುತ್ತದೆ. ಗಂಡ ತೀರಿದ ಮೇಲೆ ಆ ಕುರ್ಚಿಯ ಮೇಲೆ ಕುಳಿತೇ ಅವರು ಸಂಸಾರ ನಡೆಸಿದ್ದು ನನಗೆ ಗೊತ್ತಿತ್ತು. ಅದನ್ನು ಕಿತ್ತುಕೊಂಡು ಹೊರಸಿನ ಮೇಲೆ ಮಲಗಿದರೆ ನಿದ್ದೆ ಹತ್ತೀತೇ?

ಸೇತುವೆ ಬರೆದೆ. ಹೊಸ ಸಾಫ್ಟ್‌ವೇರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಖಬರ್‌ನ ಬಾಯಲ್ಲಿ ಕನ್ನಡ ಮಾಡುವ, ಆಪಾ ಒತ್ತಿದ್ದನ್ನು ಆ ಕಡೆಗೆ ಇಂಗ್ಲಿಷಿನಲ್ಲಿ ದಾಟಿಸುವ ಮೂರನೆಯ ಮಾಡ್ಯೂಲ್. ಅದಕ್ಕೆ ಹೆಸರಿಡುವ ಹುಮ್ಮಸ್ಸೂ ಉಳಿದಿರಲಿಲ್ಲ. ಹೊಸ ಸಾಫ್ಟ್‌ವೇರಿನವರು ತಮ್ಮ ಮನಸ್ಸಿಗೆ ಬಂದಾಗ ಏನನ್ನೋ ಬದಲಿಸುತ್ತಿದ್ದರು, ಯಾರಿಗೂ ಹೇಳುತ್ತಿರಲಿಲ್ಲ. ಸೇತುವೆ ಕುಸಿಯುತ್ತಿತ್ತು. ಆಪಾ ಫೋನು ಮಾಡುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ಕೂರುತ್ತಿದ್ದೆ. ಒಮ್ಮೊಮ್ಮೆ ಆಪಾರ ಮೇಲೇ ಸಿಟ್ಟು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಆ ನಾಲ್ಕು ಇಂಗ್ಲಿಷ್ ಮಾತು ಕಲಿಯಬಾರದಿತ್ತೇ ಎಂದು ಮನಸ್ಸಿನಲ್ಲೇ ಗೊಣಗುತ್ತಿದ್ದೆ. ಮರುಕ್ಷಣ ಅವರು, ನಾಷ್ಟಾ ಆಯ್ತೇನ್ರಿ ಅಕ್ಕಾ ಎನ್ನುತ್ತಿದ್ದರು, ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಸುಸ್ತು ಮಾತ್ರ ಇಳಿಯುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಚಹಾ, ನಾಷ್ಟಾದ ವಿಚಾರಣೆ ಇಲ್ಲ, ಆಪಾ ಒಂದೇ ಸಾಲು ಓದಿದರು. ಅಕ್ಕಾಗ ಫೋನ್ ಮಾಡ್ರಿ ಅಂತ ಬಂದದ್ರಿ ಎಂದರು. ಬೀದರಿನಿಂದ ಆ ಕಂಪ್ಯೂಟರಿನೊಳಗೆ ಇಣುಕಲೂ ಆಗಲಿಲ್ಲ. ಬಸ್ಸು ಹಿಡಿಯದೆ ಗತ್ಯಂತರವಿರಲಿಲ್ಲ. ಬಿಸಿಲಿಗೆ ಸೀಟು ಕಾದು ಕುಳಿತುಕೊಳ್ಳಲಾಗದಂತಿತ್ತು. ಪಕ್ಕದಲ್ಲಿದ್ದ ಹೆಂಗಸು ಮದುವೆಗೋ ಮುಂಜಿವೆಗೋ ಎಂದು ಕೇಳಿದಳು. ಮಷೀನಿಗೆ ಆರಾಮಿಲ್ಲ, ನೋಡಲು ಹೊರಟಿದ್ದೇನೆ ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ.

ಭಾಲ್ಕಿಯ ಲ್ಯಾಬಿನಲ್ಲಿ ಆಪಾ ನನಗಾಗಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿ, ಮಡಕೆಯ ನೀರು ತುಂಬಿಸಿಟ್ಟಿದ್ದರು. ಫೋನಿನಲ್ಲಿ ದಿನಾ ಮಾತಾಡಿದರೂ ನಾವು ಮುಖ ನೋಡುವುದು ಅಪರೂಪ. ಅವರು ಕುಗ್ಗಿ ಹೋಗಿದ್ದರು. ರೋಗಿ ಬಂದಾಗ ಕೌಂಟರಿನ ಅಂಚು ಹಿಡಿದು ಎದ್ದು, ಶೀಶೆ ಇಟ್ಟು ಬಂದು, ಮತ್ತೆ ಅಂಚು ಹಿಡಿದೇ ಕೂರುತ್ತಿದ್ದರು. ನನ್ನ ಬಗ್ಗೆಯೂ ಅವರು ಹಾಗೇ ಅಂದುಕೊಂಡಿರಬೇಕು, ಕನ್ನಡಕದೊಳಗಿನ ನನ್ನ ಕಣ್ಣನ್ನೇ ನೋಡುತ್ತಿದ್ದರು. ದುರಸ್ತಿ ದೊಡ್ಡದೇನಿರಲಿಲ್ಲ, ಬೇಸರ ಹಿಡಿಸುವಂಥದ್ದು. ಹೊಸ ಸಾಫ್ಟ್‌ವೇರ್ ತನ್ನ ಕೀಲಿಯನ್ನು ಬದಲಿಸಿತ್ತು, ನನ್ನ ಸೇತುವೆ ಹಳೆಯ ಕೀಲಿ ಹಿಡಿದು ಕದದ ಹೊರಗೆ ನಿಂತಿತ್ತು. ಸರಿಪಡಿಸಿದೆ. ಪರದೆಯ ಮೇಲೆ ಆರಾಮ ಎಂದು ಬಂತು. ಆಪಾ ಅದನ್ನು ರೂಢಿಯಂತೆ ಗಟ್ಟಿಯಾಗಿ ಓದಿದರು, ನಾನು ಅವರ ಪಕ್ಕದಲ್ಲೇ ಕುಳಿತಿದ್ದರೂ.

ಉಣ್ಣದೆ ಹೋಗಲು ಬಿಡಲಿಲ್ಲ. ಲ್ಯಾಬಿನ ಹಿಂದೆ ಶೀಶೆಗಳ ಫ್ರಿಜ್ಜು ಇಟ್ಟ ಸಣ್ಣ ಕೋಣೆ ಇದೆ, ಅಲ್ಲಿ ನೆಲದ ಮೇಲೆ ದಸ್ತರ್‌ಖಾನ ಹಾಸಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು. ನಾನು ಬರುತ್ತೇನೆಂದ ಮೇಲೆ ಮನೆಗೆ ಹೋಗಿ ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿ ತಂದಿದ್ದರು. ಅಂಥ ಮಡಿಯೆಲ್ಲ ನನಗಿಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಕೇಳುವವರಲ್ಲ. ಇಬ್ಬರೂ ಗೋಡೆ ಹಿಡಿದು, ಉಸ್ಸೆಂದು, ಎದುರುಬದುರು ಕುಳಿತೆವು.

ಉಣ್ಣುತ್ತ ಮೊಣಕಾಲಿನ ಮಾತು ಬಂತು, ಅದರಿಂದ ಮಗಳ ಮಾತು. ಆಪಾರ ಮಗಳು ಔರಾದಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಗುಂಡಿ ಹಚ್ಚಲು, ಅಂಚು ಹೊಲಿಯಲು ಕೈ ಸಾಲದು, ನೀನು ಬಾ ಎಂದು ತಾಯಿಯನ್ನು ಕರೆಯುತ್ತಲೇ ಇದ್ದಾಳಂತೆ. ಕುಳಿತಲ್ಲೇ ಮಾಡುವ ಕೆಲಸ, ಶಟರ್ ಎತ್ತುವ ಕಷ್ಟವಿಲ್ಲ, ಜೊತೆಗೆ ಮೊಮ್ಮಕ್ಕಳು. ಹೇಳುವಾಗ ಆಪಾರ ಮುಖ ಅರಳಿತ್ತು. ಮತ್ತೆ ಹೋಗಬಾರದೇ ಎಂದು ಕೇಳಿದೆ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನಾ ಹೋದ್ರ ನಿಮ್ಮ ಖಬರ್ ಯಾರು ಓದ್ತಾರ್ರಿ ಅಕ್ಕಾ? ಇಂಗ್ಲಿಷ್ ಹುಡುಗಿ ಬಂದ್ಳಂದ್ರ ನಿಮ್ಮ ಪ್ರೋಗ್ರಾಂ ತೆಗೀತಾರ. ಡಾಕ್ಟರ್ ಸಾಹೇಬ್ರೇ ನನಗ ಅಂದಾರ, ನೀವು ಇರೋತನಕ ಅಕ್ಕಾರ್ದೂ ನಡೀತದ ಅಂತ. ಈ ವಯಸ್ಸಿಗಿ ನೀವು ಎಲ್ಲಿ ಹೋಗ್ತೀರಿ? ಅದಕ್ಕ ಕುಂತೀನ್ರಿ."

ಮೊದಲು ಡಾಕ್ಟರ ಮೇಲೆ ಕೋಪ ಬಂತು. ಯೋಚಿಸಿದರೆ ಅವರದೇನು ತಪ್ಪು? ನನಗೆ ಹಿತವಾಗುವುದನ್ನು ನನಗೆ ಹೇಳಿದ್ದರು, ಆಪಾರಿಗೆ ಹಿತವಾಗುವುದನ್ನು ಆಪಾರಿಗೆ. ಅವರ ಮಟ್ಟಿಗೆ ಆ ಶಾಖೆ ಹೇಗೆ ನಡೆದರೂ ನಡೆಯುತ್ತಿತ್ತು. ಬಾಯಿಬಿಟ್ಟು ಕೇಳದವರು ನಾವು. ಬಿಸಿಲಲ್ಲಿ ಬಸ್ಸು ಹತ್ತಿ ಬಂದದ್ದು, ಕಣ್ಣೀರು ಸುರಿಯುವವರೆಗೆ ಪರದೆ ನೋಡಿದ್ದು, ಅವರು ನೋಯುವ ಕಾಲಿನಲ್ಲಿ ದಿನಾ ಶಟರ್ ಎತ್ತಿದ್ದು, ಯಾರಿಗಾಗಿ?

"ನಾ ನಿಮ್ಮ ಸಲುವಾಗಿ ಕುಂತೀನ್ರಿ ಆಪಾ," ಎಂದೆ. "ಪ್ರೋಗ್ರಾಂ ಹೋದ್ರ ನಿಮ್ಮ ಕುರ್ಚಿ ಹೋಗ್ತದಂತ."

ಆಪಾ ನಗಲು ಶುರು ಮಾಡಿದರು, ಓಢಣಿಯ ತುದಿಯಿಂದ ಬಾಯಿ ಮುಚ್ಚಿಕೊಂಡು, ಅದೇ ತುದಿಯಿಂದ ಕಣ್ಣೊರೆಸಿಕೊಂಡು. ನನಗೂ ನಗು ಬಂತು. ನಕ್ಕು ನಕ್ಕು ಇಬ್ಬರಿಗೂ ದಣಿವಾಯಿತು. ಸಾಕಾಗಿದೆಯೇ ಎಂದು ಅವರು ಮೆಲ್ಲಗೆ ಕೇಳಿದರು. ಬಹಳ ಸಾಕಾಗಿದೆ ಎಂದೆ. ನನಗೂ ಎಂದರು. ಇಷ್ಟು ವರ್ಷ ದಿನಾ ಬೆಳಿಗ್ಗೆ ಆರಾಮ, ಆರಾಮ ಎಂದು ಓದಿದವರು ಅವರು, ಹೂಂ ಎಂದವಳು ನಾನು. ಈ ಒಂದು ಮಾತು ಮಾತ್ರ ಇಬ್ಬರ ಬಾಯಿಂದಲೂ ಬಂದಿರಲಿಲ್ಲ.

ಆದರೂ ಗಂಟು ಬಿಚ್ಚಲಿಲ್ಲ. ಹಾಗಾದರೆ ಮೊದಲು ನೀವು ಬಿಡಿ, ನೀವು ಬಗದಲ್ ಸೇರಿದ ಮೇಲೆ ನಾನು ಔರಾದಿಗೆ ಹೋಗುತ್ತೇನೆ ಎಂದರು ಆಪಾ. ಅದು ಹೇಗಾಗುತ್ತದೆ, ನೀವು ಮಗಳ ಮನೆ ಸೇರಿದ್ದು ನೋಡದೆ ನಾನು ಬಿಡಲಾರೆ ಎಂದೆ ನಾನು. ನೀವು, ಇಲ್ಲ ನೀವು ಎಂದು ಸ್ವಲ್ಪ ಹೊತ್ತು ನಡೆಯಿತು. ಇಬ್ಬರ ಮಾತಿನಲ್ಲೂ ಬೆಣ್ಣೆಯಂಥ ಮರ್ಯಾದೆ, ಇಬ್ಬರೂ ಜಗ್ಗುವವರಲ್ಲ. ಬೀದರಿನ ನನ್ನ ಪರದೆಯಲ್ಲೇ ಎಲ್ಲ ಕಾಣುತ್ತದೆ, ಅವರ ಓದಿನ ಅಗತ್ಯ ಎಂದೋ ಮುಗಿದಿದೆ ಎಂದು ಆಗ ಹೇಳಿಬಿಟ್ಟಿದ್ದರೆ ಅವರು ಹೊರಡುತ್ತಿದ್ದರೇನೋ. ಆಗಲೂ ನಾಲಿಗೆ ಏಳಲಿಲ್ಲ. ಅಷ್ಟು ವರ್ಷದ ಬೆಳಗುಗಳನ್ನು ಅವರಿಂದ ಕಿತ್ತುಕೊಂಡ ಹಾಗಾಗುತ್ತಿತ್ತು.

ಮಾತು ಮುಗಿಯಿತು. ತಟ್ಟೆಗಳೂ ಖಾಲಿಯಾಗಿದ್ದವು. ಅವರು ಏಳಲಿ ಎಂದು ನಾನು ಕುಳಿತೆ, ನಾನು ಏಳಲಿ ಎಂದು ಅವರು ಕುಳಿತರು. ಫ್ರಿಜ್ಜು ಒಮ್ಮೆ ಗುಡುಗಿ ಸುಮ್ಮನಾಯಿತು. ಬೆರಳುಗಳ ನಡುವೆ ಪುಂಡಿ ಪಲ್ಯ ಒಣಗಿ ಚರ್ಮ ಬಿಗಿಯುತ್ತಿತ್ತು. ಆಪಾರ ಕೈ ನೋಡಿದೆ, ಅದೂ ಒಣಗಿತ್ತು.

ಅವತ್ತು ಖಬರ್‌ನ ಕೈ ಸಡಿಲ ಮಾಡಿದಾಗ ನಾನು ಯಾರನ್ನೂ ಕೇಳಿರಲಿಲ್ಲ. ಯಾವುದಾದರೂ ಒಂದು ಬಿಟ್ಟರೆ ಸಾಕಿತ್ತು, ಒಂದನ್ನು ಆರಿಸಿ ಬರೆದಿದ್ದೆ. ಇಲ್ಲಿ ಬರೆಯುವವರು ಬೇರೆ ಯಾರೂ ಇರಲಿಲ್ಲ.

"ನಾ ಏಳ್ತೇನ್ರಿ ಆಪಾ," ಎಂದೆ. "ನಾಳಿಗಿ ಡಾಕ್ಟರಿಗಿ ಹೇಳ್ತೇನಿ, ಈ ತಿಂಗಳಿಗಿ ಸಾಕಂತ."

ಅವರು ತಲೆ ಎತ್ತಿ ನೋಡಿದರು. ಬೇಡ ಎನ್ನುತ್ತಾರೆಂದುಕೊಂಡೆ.

"ಏಳ್ರಿ ಅಕ್ಕಾ," ಎಂದರು. "ದೊಡ್ಡವ್ರು ನೀವೇ."

ಮೊಣಕಾಲಿಗೆ ಕೈಕೊಟ್ಟು ಎದ್ದೆ. ಕೈ ತೊಳೆಯುವ ಬೇಸಿನ್ ನಾಲ್ಕು ಹೆಜ್ಜೆ ಆಚೆ ಇತ್ತು. ನಲ್ಲಿ ತಿರುಗಿಸುವ ಮೊದಲೇ, ಗೋಡೆಗೆ ಕೈ ಊರಿ ಆಪಾ ಏಳುತ್ತಿರುವ ಸದ್ದು ನನ್ನ ಹಿಂದೆ ಕೇಳಿಸಿತು.